ಆಯಿಯ ಎಂಜಲು, ಕೂಸಿನ ಹಲ್ಲು: ಕಲಬುರಗಿಯ ಒಂದು ಪ್ರಕರಣ

"ಹಲ್ಲಿನ ಹುಳ ಒಬ್ಬರಿಂದ ಒಬ್ಬರಿಗೆ ಹತ್ತತದೇನ್ರಿ?"

ಈ ಪ್ರಶ್ನೆ ಆಗಾಗ ನನ್ನ ಕುರ್ಚಿಯ ಪಕ್ಕ ಕೇಳಿಬರುತ್ತದೆ. ಕೇಳುವವರು ಸಾಮಾನ್ಯವಾಗಿ ಉತ್ತರ ಇಟ್ಟುಕೊಂಡೇ ಬಂದಿರುತ್ತಾರೆ. ಯಾರ ಮೇಲೆ ಗೂಬೆ ಕೂರಿಸಬೇಕು ಅಂತ ಮನೆಯಲ್ಲೇ ತೀರ್ಮಾನ ಆಗಿರುತ್ತದೆ. ನನ್ನಿಂದ ಬೇಕಾಗಿರುವುದು ಒಂದು ಸೀಲು ಅಷ್ಟೇ. ಈ ಪ್ರಕರಣದಲ್ಲಿ ನಾನು ಆ ಸೀಲು ಒತ್ತಿಬಿಟ್ಟೆ, ಅದರಿಂದ ಒಂದು ಕೂಸಿನ ಹಲ್ಲು ಇನ್ನಷ್ಟು ಹಾಳಾದವು. ಅದಕ್ಕೇ ಬರೆಯುತ್ತಿದ್ದೇನೆ.

ಕಲಬುರಗಿಯಲ್ಲಿ ಸಣ್ಣದೊಂದು ಹಲ್ಲಿನ ದವಾಖಾನೆ ನನ್ನದು. ಮನೆಯವರನ್ನು ಕೇಳಿ, ಅವರು ಒಪ್ಪಿದ ಮೇಲೆ ಬರೆದದ್ದು ಇದು. ಗುರುತು ಸಿಗಬಾರದು ಅಂತ ಹೆಸರು ಬಿಟ್ಟಿದ್ದೇನೆ, ಕೆಲಸ, ಊರಿನಂಥ ವಿವರಗಳಲ್ಲಿ ಒಂದೆರಡು ಬದಲಿಸಿದ್ದೇನೆ. "ನನ್ನ ಹೆಸರ ಹಾಕಿದ್ರೂ ನಡೀತದ ಯಪ್ಪಾ" ಅಂತ ಮನೆಯ ಅಜ್ಜಿ ಅಂದರು. ಹಾಕಿಲ್ಲ. ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುತ್ತಾರೆ, ಇಲ್ಲೂ ಅವರು ಆಯಿ.

ಮನೆ

ಆರು ಜನರ ಮನೆ. ತಂದೆಗೆ ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಕೆಲಸ. ತಾಯಿ ಒಂದು ಶಾಲೆಯಲ್ಲಿ ಟೀಚರ್, ಬೆಳಿಗ್ಗೆ ಎಂಟೂವರೆಗೆ ಹೊರಟರೆ ಮನೆ ಸೇರುವುದು ಮೂರು ಗಂಟೆಗೆ. ಆಯಿ ತಂದೆಯ ತಾಯಿ, ಅರವತ್ತೈದರ ಆಸುಪಾಸು. ತಂದೆಯ ತಮ್ಮ, ಮಕ್ಕಳಿಗೆ ಕಾಕಾ, ಅವರಿಗೆ ಮದುವೆ ಗೊತ್ತಾಗಿತ್ತು. ಒಂಬತ್ತು ವರ್ಷದ ದೊಡ್ಡ ಮಗಳು. ಆಮೇಲೆ ನಮ್ಮ ಕೂಸು, ಎರಡು ವರ್ಷ ಮೂರು ತಿಂಗಳ ಹುಡುಗಿ.

ಮೂಲ ಊರು ಯಾದಗಿರಿ ಜಿಲ್ಲೆಯ ಒಂದು ಹಳ್ಳಿ. ಐದು ವರ್ಷದ ಹಿಂದೆ ಕಲಬುರಗಿಗೆ ಬಂದು ನೆಲೆಸಿದರು. ದೊಡ್ಡ ಮಗಳು ನಾಲ್ಕು ವರ್ಷದವರೆಗೆ ಹಳ್ಳಿಯಲ್ಲೇ ಆಯಿಯ ಕೈಯಲ್ಲಿ ಬೆಳೆದವಳು. ಈ ಸಂಗತಿ ಮುಂದೆ ಬಹಳ ಮುಖ್ಯ ಆಗುತ್ತದೆ. ಮೊದಲ ದಿನ ನನಗೆ ಇದನ್ನು ಕೇಳಬೇಕು ಅಂತಲೇ ಹೊಳೆಯಲಿಲ್ಲ.

ಎರಡೂ ಮಕ್ಕಳಿಗೆ ಉಣಿಸಿದ್ದು ಆಯಿಯೇ. ಜೋಳದ ರೊಟ್ಟಿ ಸಣ್ಣ ಕೂಸಿಗೆ ನುಂಗಲು ಬರುವುದಿಲ್ಲ ಅಲ್ವಾ, ಅದಕ್ಕೆ ಒಂದು ತುಣುಕನ್ನು ತೊಗರಿ ಬೇಳೆಯಲ್ಲಿ ಅದ್ದಿ, ತಮ್ಮ ಬಾಯಲ್ಲಿ ಮೆತ್ತಗೆ ಅಗಿದು, ಬೆರಳಿನಿಂದ ತೆಗೆದು ಕೂಸಿನ ಬಾಯಿಗೆ ಇಡುತ್ತಿದ್ದರು. ನಮ್ಮ ಕಡೆ ಇದು ಹೊಸದೇನಲ್ಲ. ನಾನೂ ಹಾಗೇ ಉಂಡು ಬೆಳೆದವನು.

ಮೊದಲ ಭೇಟಿ

ಎಳ್ಳ ಅಮಾವಾಸ್ಯೆ ಮುಗಿದು ನಾಲ್ಕೈದು ದಿನ ಆಗಿತ್ತು. ಹಬ್ಬಕ್ಕೆ ಎಲ್ಲರೂ ಊರ ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಸಜ್ಜೆ ರೊಟ್ಟಿ ಭಜ್ಜಿ ಉಣ್ಣುತ್ತಾ ಕೂತಾಗ ನೆಂಟರೊಬ್ಬರು ಕೂಸಿನ ಬಾಯಿ ನೋಡಿ "ಇದೇನವ್ವಾ, ಹಲ್ಲಿಗೆ ಹುಳ ಹತ್ಯಾದಲ್ಲ" ಅಂದರಂತೆ. ಊಟದ ನಡುವೆ ಶುರುವಾದ ಮಾತು ಬುತ್ತಿ ಕಟ್ಟಿಕೊಂಡು ವಾಪಸ್ ಹೊರಡುವ ಹೊತ್ತಿಗೆ ಜಗಳವಾಗಿತ್ತು.

ಕೂಸನ್ನು ಪರೀಕ್ಷಿಸಿದ್ದು ನಾವು ಸಣ್ಣ ಮಕ್ಕಳಿಗೆ ಮಾಡುವ ರೀತಿಯಲ್ಲೇ. ತಾಯಿ ಮತ್ತು ನಾನು ಎದುರುಬದುರು ಕೂತು ಮೊಣಕಾಲಿಗೆ ಮೊಣಕಾಲು ತಾಗಿಸಿದೆವು. ಕೂಸು ತಾಯಿಯ ಮಡಿಲಲ್ಲಿ, ತಲೆ ಮಾತ್ರ ನನ್ನ ತೊಡೆಯ ಮೇಲೆ. ಮೇಲ್ತುಟಿ ಎತ್ತಿದೆ. ಮೇಲಿನ ನಾಲ್ಕು ಮುಂಭಾಗದ ಹಲ್ಲುಗಳ ಬುಡದಲ್ಲಿ, ವಸಡಿಗೆ ತಾಗಿ, ಕಂದು ಬಣ್ಣದ ಗುಳಿ. ಗುಳಿಯ ಅಂಚಿನಲ್ಲಿ ಸುಣ್ಣ ಬಳಿದಂತೆ ಬಿಳಿ ಗೆರೆ. ದವಡೆ ಹಲ್ಲುಗಳ ಗೀರುಗಳಲ್ಲೂ ಮಬ್ಬು ಬಿಳುಪು ಕಾಣಿಸಿಕೊಂಡಿತ್ತು, ಗುಂಡಿ ಇನ್ನೂ ಬಿದ್ದಿರಲಿಲ್ಲ. ಕೆಳಗಿನ ಮುಂಭಾಗದ ನಾಲ್ಕು ಮಾತ್ರ ತೊಳೆದಿಟ್ಟ ಅಕ್ಕಿಯಂತೆ ಸ್ವಚ್ಛ.

ಮೇಲಿನದು ಹುಳುಕು, ಕೆಳಗಿನದು ಸ್ವಚ್ಛ. ಹಲ್ಲಿನ ಡಾಕ್ಟರಿಗೆ ಇದೊಂದು ಸಹಿಯಂತೆ. ಬಾಟಲಿ ಬಾಯಲ್ಲಿಟ್ಟುಕೊಂಡು ಮಲಗುವ ಮಕ್ಕಳಲ್ಲಿ ಹಾಲು ಮೇಲಿನ ಹಲ್ಲುಗಳ ಸುತ್ತ ನಿಲ್ಲುತ್ತದೆ. ಕೆಳಗಿನವನ್ನು ನಾಲಿಗೆ ಮುಚ್ಚಿಕೊಳ್ಳುತ್ತದೆ, ಉಗುಳು ತೊಳೆಯುತ್ತಿರುತ್ತದೆ. ಎಂಜಲೊಂದರಿಂದಲೇ ಬಂದಿದ್ದರೆ ಹುಳುಕಿಗೆ ಮೇಲೆ ಕೆಳಗೆ ಅಂತ ಭೇದ ಯಾಕೆ? ಈ ಪ್ರಶ್ನೆ ನನ್ನ ಕಣ್ಣೆದುರೇ ಇತ್ತು. ನಾನು ಕೇಳಿದ್ದೂ ಉಂಟು, "ಬಾಟಲಿ ಕೊಡ್ತೀರಾ?" ಅಂತ. ತಾಯಿ "ರಾತ್ರಿ ಹಾಲು ಅಷ್ಟೇ ರೀ" ಅಂದರು. ನಾನು ಚೀಟಿಯಲ್ಲಿ ಹಾಲು ಅಂತ ಬರೆದು ಮುಂದೆ ಹೋದೆ. ಹಾಲಿಗೆ ಏನು ಹಾಕುತ್ತೀರಿ ಅಂತ ಕೇಳಲಿಲ್ಲ. ಆ ಒಂದು ಪ್ರಶ್ನೆ ಕೇಳಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಯಾಕೆಂದರೆ ಅಷ್ಟರಲ್ಲಿ ಮಾತು ಆರೋಪಿಗಳ ಕಡೆ ಹೊರಳಿತ್ತು.

ಮೊದಲ ಆರೋಪಿ ತಂದೆ. ಅವರ ಹಲ್ಲುಗಳ ಮೇಲೆ ಕಂದು ಪಟ್ಟೆ, ಅಲ್ಲಲ್ಲಿ ಚುಕ್ಕೆ. "ಇವರ ಹಲ್ಲೇ ಹೀಂಗ ಅವರಿ, ಕೂಸಿಗೆ ಮುದ್ದು ಕೊಟ್ಟು ಕೊಟ್ಟು ಬಂದಿರಬೇಕು" ಅಂದರು ತಾಯಿ. ಅವರನ್ನೂ ಕುರ್ಚಿಯಲ್ಲಿ ಕೂರಿಸಿ ನೋಡಿದೆ. ಬಣ್ಣ ಅಷ್ಟೇ, ಒಂದೂ ಗುಂಡಿ ಇಲ್ಲ. ಕಲಬುರಗಿ, ಯಾದಗಿರಿ ಜಿಲ್ಲೆಗಳ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಸರಿ ಎನ್ನುತ್ತದೆ ನಮ್ಮ ದೇಶದ ಮಾನದಂಡ. ಹಲ್ಲು ಇನ್ನೂ ದವಡೆಯೊಳಗೆ ಬೆಳೆಯುತ್ತಿರುವ ವಯಸ್ಸಿನಲ್ಲಿ ಅದಕ್ಕಿಂತ ಜಾಸ್ತಿ ವರ್ಷಗಟ್ಟಲೆ ಕುಡಿದರೆ ಹಲ್ಲಿನ ಹೊದಿಕೆಯೇ ಕಲೆಗಟ್ಟಿ ಹುಟ್ಟುತ್ತದೆ. ಅದು ಹುಳುಕೂ ಅಲ್ಲ, ಅಂಟುವುದೂ ಇಲ್ಲ. ತಂದೆ ಖುಲಾಸೆ. ಅವರ ಮುಖ ನೋಡಬೇಕಿತ್ತು, ಮದುವೆಯಾದಂದಿನಿಂದ ಹಲ್ಲು ತೋರಿಸದೆ ನಗುತ್ತಿದ್ದ ಮನುಷ್ಯ.

ಎರಡನೇ ಆರೋಪಿ ಆಯಿ. ಅವರು ಬಂದಿರಲಿಲ್ಲ. "ಅತ್ತಿ ಅಗದು ತಿನಸ್ತಾರ್ರಿ. ಅವರ ಬಾಯಾಗ ಅರ್ಧ ಹಲ್ಲು ಹುಳಕ ಅವ" ಅಂದರು ತಾಯಿ. ಆಗ ನಾನು ಹೇಳಿದ ಮಾತು ಇದು: "ಹೌದ್ರಿ, ಉಗುಳಿನಿಂದ ರೋಗಾಣು ಬರ್ತದ. ಎಂಜಲ ತಿನಸೋದು ಬಂದ್ ಮಾಡ್ರಿ."

ನಾನು ಸುಮ್ನೆ ಬಾಯಿಗೆ ಬಂದದ್ದು ಹೇಳಿರಲಿಲ್ಲ. ಕಾಲೇಜಿನಲ್ಲಿ ಓದಿದ್ದೆಲ್ಲ ತಲೆಯಲ್ಲಿತ್ತು. 1960ರಲ್ಲಿ ಪಾಲ್ ಕೀಸ್ ಎಂಬ ಅಮೆರಿಕದ ವಿಜ್ಞಾನಿ ಹುಳುಕು ಹಲ್ಲಿನ ಹ್ಯಾಮ್‌ಸ್ಟರ್‌ಗಳ (ಇಲಿಯಂಥ ಸಣ್ಣ ಪ್ರಾಣಿ) ಜೊತೆ ಒಳ್ಳೆ ಹಲ್ಲಿನವನ್ನು ಒಂದೇ ಪಂಜರದಲ್ಲಿ ಇಟ್ಟು, ಅವಕ್ಕೂ ಹುಳುಕು ಬರುವುದನ್ನು ತೋರಿಸಿದ್ದರು. 1993ರಲ್ಲಿ ಕಾಫೀಲ್ಡ್ ಮತ್ತು ಸಂಗಡಿಗರು ತಾಯಿ-ಮಕ್ಕಳ ಜೋಡಿಗಳನ್ನು ಗಮನಿಸಿ, ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂಬ ರೋಗಾಣು ಮಕ್ಕಳ ಬಾಯಲ್ಲಿ ನೆಲೆಯೂರುವುದು ಹೆಚ್ಚಾಗಿ 19ರಿಂದ 31 ತಿಂಗಳ ನಡುವೆ ಅಂತ ಬರೆದಿದ್ದರು. ನನ್ನ ಎದುರಿಗಿದ್ದ ಕೂಸಿಗೆ 27 ತಿಂಗಳು. ಲೆಕ್ಕ ಎಷ್ಟು ಚೆಂದ ಕೂಡಿತು ನೋಡಿ. ಲೆಕ್ಕ ಇಷ್ಟು ಸಲೀಸಾಗಿ ಕೂಡಿದಾಗಲೇ ಇನ್ನೊಮ್ಮೆ ಎಣಿಸಬೇಕು ಅನ್ನುವ ಬುದ್ಧಿ ನನಗೆ ಆಗ ಇರಲಿಲ್ಲ.

ಪೇಸ್ಟು, ಬ್ರಷ್ಷು ಬರೆದುಕೊಟ್ಟು ಹದಿನೈದು ದಿನಕ್ಕೆ ಬನ್ನಿ ಅಂದೆ. ಬಂದದ್ದು ಎರಡೂವರೆ ತಿಂಗಳ ಮೇಲೆ.

ನಡುವಿನ ದಿನಗಳು

ಆ ದಿನಗಳಲ್ಲಿ ಮನೆಯಲ್ಲಿ ಏನಾಯಿತು ಅಂತ ನನಗೆ ಆಮೇಲೆ ತುಂಡುತುಂಡಾಗಿ ಗೊತ್ತಾಯಿತು. ಕೂಸಿಗೆ ಬೇರೆ ತಟ್ಟೆ, ಬೇರೆ ಚಮಚ, ಬೇರೆ ಲೋಟ ಬಂತು. ಲೋಟಕ್ಕೆ ಕೆಂಪು ದಾರ ಕಟ್ಟಿದರು. ಆಯಿ ಕೂಸಿಗೆ ಕೈತುತ್ತು ಕೊಡುವಂತಿಲ್ಲ. "ಡಾಕ್ಟರೇ ಹೇಳ್ಯಾರ" ಅನ್ನುವ ಮಾತು ಮನೆಯಲ್ಲಿ ದಿನಕ್ಕೆ ಎರಡು ಸಲ ಓಡಾಡುತ್ತಿತ್ತು. ಅತ್ತೆ ಸೊಸೆ ಮಾತು ನಿಂತವು.

ಆದರೆ ತಾಯಿ ಶಾಲೆಗೆ ಹೋಗಲೇಬೇಕು, ಕೂಸು ಮನೆಯಲ್ಲಿ ಆಯಿಯ ಜೊತೆ ಇರಲೇಬೇಕು. ಚಮಚದಲ್ಲಿ ಕೊಟ್ಟ ಅನ್ನ ಕೂಸಿಗೆ ಬೇಡ. ಅಗಿದು ಕೊಡಲು ಆಯಿಗೆ ಭಯ. ಹಸಿವಿಗೆ ಅಳುವ ಕೂಸಿಗೆ ಆಯಿ ಏನು ಕೊಡಬೇಕು? ಬಿಸ್ಕೆಟ್ ಕೊಟ್ಟರು.

"ಪಾಕೀಟ ಒಡದು ಕೊಟ್ರ ಎಂಜಲ ಆಗಂಗಿಲ್ಲಲ್ಲ ಯಪ್ಪಾ" ಅಂತ ಆಮೇಲೆ ನನಗೆ ಹೇಳಿದರು.

ಈ ಮಾತನ್ನು ನಾನು ಎಷ್ಟು ಸಲ ನೆನಪಿಸಿಕೊಂಡಿದ್ದೇನೋ. ಎಂಜಲಿನ ಲೆಕ್ಕದಲ್ಲಿ ಪ್ಯಾಕೆಟ್ ಬಿಸ್ಕೆಟ್ ಅಪ್ಪಟ ಮಡಿ. ನಾನು ಕೊಟ್ಟ ಸಲಹೆಯನ್ನು ಆಯಿ ಅಕ್ಷರಕ್ಕೆ ಅಕ್ಷರ ಪಾಲಿಸಿದ್ದರು. ಅಗಿದ ರೊಟ್ಟಿ ಬೇಳೆ ಹೋಗಿ, ಆ ಜಾಗಕ್ಕೆ ಚಹಾದಲ್ಲಿ ಅದ್ದಿದ ಬಿಸ್ಕೆಟ್ಟು, ಸಕ್ಕರೆ ಹಾಲಿನ ಬಾಟಲಿ ಬಂದು ಕೂತವು.

ಎರಡನೇ ಭೇಟಿ

ಶರಣಬಸವೇಶ್ವರ ಜಾತ್ರೆಯ ಸುತ್ತಮುತ್ತಲ ದಿನಗಳು. ತಂದೆ, ತಾಯಿ, ದೊಡ್ಡ ಮಗಳು, ಕೂಸು ಬಂದರು. ತಾಯಿಗೆ ಆಗ ಮೂರು ತಿಂಗಳು ತುಂಬಿತ್ತು, ಹೊಸ ಬಸುರಿ. ಕೂಸಿನ ತುಟಿ ಎತ್ತಿದರೆ ಮುಂದಿನ ಒಂದು ಹಲ್ಲಿನ ಮೇಲೆ ವಸಡಿನಲ್ಲಿ ಕೀವಿನ ಗುಳ್ಳೆ. ದವಡೆ ಹಲ್ಲುಗಳಲ್ಲಿ ಮಬ್ಬು ಇದ್ದ ಕಡೆ ಎರಡು ಗುಂಡಿ. ಎರಡೂವರೆ ತಿಂಗಳಿಗೆ ಇಷ್ಟು ಜೋರಾಗಿ ಹೋಗುವುದು ಸಣ್ಣ ಮಾತಲ್ಲ.

ತಂದೆ ಸಿಟ್ಟಿನಲ್ಲೇ ಕೇಳಿದರು. "ನೀವ್ ಹೇಳಿದ್ದೆಲ್ಲ ಮಾಡೀವ್ರಿ. ಎಂಜಲ ಬಂದ್ ಮಾಡೀವಿ. ಮತ್ತ ಯಾಕ ಜಾಸ್ತಿ ಆತು?"

ನನ್ನ ಬಳಿ ಉತ್ತರ ಇರಲಿಲ್ಲ. ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ದೊಡ್ಡ ಹುಡುಗಿ ತನ್ನಷ್ಟಕ್ಕೆ ಅಂದಳು, "ಆಯಿ ಈಗ ಪಾಪುಗ ಉಣಸಂಗೇ ಇಲ್ಲ. ಪಾಪು ಬರೀ ಬಿಸ್ಕೆಟ್ ತಿಂತದ."

ಅವಳನ್ನು ಹತ್ತಿರ ಕರೆದೆ. "ನಿನಗ ಯಾರು ಉಣಸ್ತಿದ್ರು ಸಣ್ಣಾಕಿ ಇದ್ದಾಗ?" "ಆಯಿ." "ಅಗದು?" "ಹೌದು." ಬಾಯಿ ತೆಗೆ ಅಂದೆ. ಮುಂದಿನ ಹೊಸ ಹಲ್ಲುಗಳ ಮೇಲೆ ಫ್ಲೋರೈಡಿನ ತೆಳು ಬಿಳಿ ಗೆರೆ, ಹಿಂದೆ ಉಳಿದ ಹಾಲು ಹಲ್ಲುಗಳಲ್ಲಿ ಒಂದೂ ಗುಂಡಿ ಇಲ್ಲ.

ಅದೇ ಆಯಿ, ಅದೇ ಬಾಯಿ, ಅದೇ ಅಗಿದ ರೊಟ್ಟಿ. ಇವಳಿಗೆ ಏನೂ ಆಗಿಲ್ಲ.

ಮರುದಿನ ಆಯಿಯನ್ನು ಕರೆದುಕೊಂಡು ಬನ್ನಿ ಅಂದೆ. ಜೊತೆಗೆ ಹುಡುಗಿಗೆ ಒಂದು ಕೆಲಸ ಕೊಟ್ಟೆ: ಒಂದು ದಿನ ಪಾಪು ಬಾಯಿಗೆ ಏನೇನು ಹೋಗುತ್ತದೋ ಗಂಟೆ ಹಾಕಿ ಬರಿ. ದೊಡ್ಡವರಿಗೆ ಹೇಳಿದ್ದರೆ ಚೆಂದ ಮಾಡಿ ಬರೆದುಕೊಂಡು ಬರುತ್ತಿದ್ದರು. ಒಂಬತ್ತು ವರ್ಷದವಳು ಕಂಡದ್ದನ್ನು ಕಂಡಹಾಗೆ ಬರೆದಳು. ರಫ್ ನೋಟ್‌ಬುಕ್ಕಿನ ಹಾಳೆ ಅದು, ನನ್ನ ಬಳಿ ಫೋಟೋ ಇದೆ:

6:30 ಬಾಟ್ಲಿ ಹಾಲು ಸಕ್ರಿ ಹಾಕಿ. 8 ಚಾದಾಗ ಬಿಸ್ಕೀಟ್ 2. 9:30 ಮತ್ತ ಬಿಸ್ಕೀಟ್. 11 ಕಾಕಾ ಪೆಪ್ಪರಮೆಂಟ್ ಕೊಟ್ಟ. 12:30 ಅನ್ನ ಸಾರು, 2 ತುತ್ತು ತಿಂತು ಉಗುಳಿತು. 1:30 ಬಾಟ್ಲಿ, ಮಕ್ಕೊಂತು. 4 ಚಾ ಬಿಸ್ಕೀಟ್. 5:30 ಐದು ರೂಪಾಯಿ ಪಾಕೀಟು, ಅರ್ಧ ನಾ ತಿಂದೆ. 7 ಬಾಳೆಹಣ್ಣು. 9 ಬಾಟ್ಲಿ. ರಾತ್ರಿ 2 ಬಾಟ್ಲಿ, ನಾ ಮಕ್ಕೊಂಡಿದ್ದೆ, ಅವ್ವ ಹೇಳ್ಯಾಳ.

ಹನ್ನೊಂದು ಸಲ. ಅದರಲ್ಲಿ ಕಡಿಮೆ ಅಂದರೂ ಎಂಟು ಸಲ ಸಕ್ಕರೆ.

ಸಕ್ಕರೆ ಬಾಯಿಗೆ ಬಿದ್ದ ಕೆಲವೇ ನಿಮಿಷಕ್ಕೆ ಹಲ್ಲಿನ ಮೇಲಿನ ಪಾಚಿಯಲ್ಲಿರುವ ರೋಗಾಣು ಅದನ್ನು ಹುಳಿ ಮಾಡುತ್ತವೆ. ಹುಳಿಯ ಅಳತೆ 5.5 ಪಿಎಚ್‌ಗಿಂತ ಕೆಳಗಿಳಿದರೆ (ಈ ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) ಹಲ್ಲಿನ ಖನಿಜ ಕರಗಲು ಶುರು. ಉಗುಳು ಅದನ್ನು ತೊಳೆದು ಮೊದಲಿನ ಸ್ಥಿತಿಗೆ ತರಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಈ ಕೂಸಿನ ಬಾಯಿಗೆ ಆ ಬಿಡುವೇ ಸಿಗುತ್ತಿರಲಿಲ್ಲ. ರಾತ್ರಿ ಎರಡು ಗಂಟೆಯ ಬಾಟಲಿ ಎಲ್ಲಕ್ಕಿಂತ ಕೆಟ್ಟದ್ದು, ನಿದ್ದೆಯಲ್ಲಿ ಉಗುಳು ಬರುವುದೇ ಬಹಳ ಕಡಿಮೆ. ಹದಿನೆಂಟು ತಿಂಗಳಿಗೆ ಎದೆಹಾಲು ಬಿಡಿಸಿದಾಗಿನಿಂದ ಆ ಬಾಟಲಿ ನಡೆದಿತ್ತು. ಅಂದರೆ ಮೊದಲ ಭೇಟಿಯ ಹೊತ್ತಿಗೇ ಒಂಬತ್ತು ತಿಂಗಳು.

ಆಯಿಯ ವಾದ

ಆಯಿ ಬಂದರು. ಕುರ್ಚಿಯಲ್ಲಿ ಕೂರಲಿಲ್ಲ, ನಿಂತೇ ಕೇಳಿದರು. "ನಾ ವಿಷ ಇಟ್ಟೀನೇನ್ ಕೂಸಿಗಿ? ಆರು ಮಕ್ಕಳಿಗಿ ಹೀಂಗ ಉಣಿಸೀನಿ. ದೊಡ್ಡ ಮೊಮ್ಮಗಳಿಗಿ ಉಣಿಸೀನಿ. ಯಾರಿಗಿ ಬಂದಾದ ಹೇಳ್ರಿ ಹುಳ."

ನಾನು ಮೊದಲು ತಪ್ಪೊಪ್ಪಿಕೊಂಡೆ. ಸೊಸೆಯ ಎದುರೇ. ಇದು ಚಿಕಿತ್ಸೆಯ ಭಾಗ ಅಂತ ಈಗಲೂ ಅನಿಸುತ್ತದೆ, ಏಕೆಂದರೆ ಆ ಮನೆಯಲ್ಲಿ ದಿನದ ಆರೂವರೆ ಗಂಟೆ ಕೂಸಿನ ಬಾಯಿಗೆ ಏನು ಹೋಗಬೇಕು ಅಂತ ತೀರ್ಮಾನಿಸುವವರು ಅವರೊಬ್ಬರೇ.

ಆಮೇಲೆ ಕೇಳಿದೆ, "ಆಯಿ, ಹಾಲಿಗೆ ಹೆಪ್ಪು ಹಾಕಿದ್ರ ಏನಾಗ್ತದ?"

"ಮಸರ ಆಗ್ತದ."

"ಅದೇ ಹೆಪ್ಪು ನೀರಿಗಿ ಹಾಕಿದ್ರ?"

ನಕ್ಕರು. "ನೀರ ಎಲ್ಲರ ಮಸರ ಆಗ್ತದೇನು, ಹುಚ್ಚಪ್ಪ."

ಇದಕ್ಕಿಂತ ಸರಿಯಾಗಿ ನಾನು ಹೇಳಲಾರೆ. ಉಗುಳಿನಿಂದ ದಾಟುವುದು ಹೆಪ್ಪು. ಅದು ದಾಟುತ್ತದೆ, ಸುಳ್ಳಲ್ಲ. ಆಯಿಯಿಂದಲೂ ದಾಟಿರಬಹುದು, ತಾಯಿಯಿಂದಲೂ, ಅಕ್ಕನಿಂದಲೂ. ಆದರೆ ಹುಳುಕು ಆಗಬೇಕಾದರೆ ಆ ಹೆಪ್ಪಿಗೆ ಮತ್ತೆ ಮತ್ತೆ ಸಕ್ಕರೆ ಬೀಳಬೇಕು. ಹೋಲಿಕೆ ಬರೀ ಮಾತಿನದಲ್ಲ. ಮೊಸರಿನಲ್ಲೂ ಹಲ್ಲಿನ ಮೇಲೂ ಆಗುವ ಕೆಲಸ ಒಂದೇ, ಸಿಹಿಯನ್ನು ಹುಳಿ ಮಾಡುವುದು.

ನಾನು ನೆಚ್ಚಿಕೊಂಡಿದ್ದ ಹ್ಯಾಮ್‌ಸ್ಟರ್ ಪ್ರಯೋಗವನ್ನು ಆ ರಾತ್ರಿ ಮತ್ತೆ ಓದಿದೆ. ಆ ಪ್ರಾಣಿಗಳಿಗೆ ಹಾಕುತ್ತಿದ್ದದ್ದು ಸಕ್ಕರೆ ತುಂಬಿದ ಆಹಾರ. ಪಂಜರ ಹಂಚಿಕೊಂಡದ್ದು ಅರ್ಧ ಕಥೆ, ತಟ್ಟೆಯಲ್ಲಿದ್ದದ್ದು ಇನ್ನರ್ಧ. ಅದಕ್ಕೂ ಮುಂಚೆ, 1954ರಲ್ಲಿ, ರೋಗಾಣುವೇ ಇಲ್ಲದಂತೆ ಬೆಳೆಸಿದ ಇಲಿಗಳಿಗೆ ಸಕ್ಕರೆ ತಿನಿಸಿ ನೋಡಿದ್ದರು. ಅವಕ್ಕೆ ಹುಳುಕು ಬರಲಿಲ್ಲ. ಎರಡೂ ಕೂಡಿದರೇ ಹುಳುಕು. ಇನ್ನು 1993ರ ಆ 19-31 ತಿಂಗಳ ಲೆಕ್ಕವೂ ಅಷ್ಟು ಗಟ್ಟಿಯಾಗಿ ಉಳಿದಿಲ್ಲ. ಹಲ್ಲು ಹುಟ್ಟುವ ಮೊದಲೇ ಕೆಲವು ಮಕ್ಕಳ ಬಾಯಲ್ಲಿ ಆ ರೋಗಾಣು ಸಿಕ್ಕಿವೆ. ಜಪಾನಿನ ಬಾಯಿ ಆರೋಗ್ಯ ತಜ್ಞರ ಸಂಘವಂತೂ 2023ರಲ್ಲಿ ನೇರವಾಗಿ ಹೇಳಿತು: ಚಮಚ, ಬಟ್ಟಲು ಬೇರೆ ಮಾಡಿದರೆ ಮಗುವಿನ ಹುಳುಕು ತಪ್ಪುತ್ತದೆ ಎನ್ನಲು ಸಾಕಷ್ಟು ಆಧಾರ ಇಲ್ಲ, ತಾಯಿಯ ಬಾಯಿಯ ರೋಗಾಣು ನಾಲ್ಕು ತಿಂಗಳಿಗೇ ಮಗುವಿಗೆ ದಾಟಿರುತ್ತವೆ, ಅದೂ ಮೇಲೂಟ ಶುರುವಾಗುವ ಮೊದಲೇ. ನಮ್ಮ ಕೂಸಿಗೆ ಎರಡೂಕಾಲು ವರ್ಷಕ್ಕೆ ಕೆಂಪು ದಾರ ಕಟ್ಟಿದ ಲೋಟ ಕೊಡಿಸಿದ್ದು ಬಾಗಿಲು ಮುರಿದ ಮೇಲೆ ಬೀಗ ಹಾಕಿದಂತೆ.

ಏನೇನು ಮಾಡಿದೆವು

ಮೊದಲು ಬಾಟಲಿ. ಒಮ್ಮೆಲೇ ಕಿತ್ತುಕೊಂಡರೆ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. ಮೊದಲ ನಾಲ್ಕು ದಿನ ಸಕ್ಕರೆ ಅರ್ಧ, ಆಮೇಲೆ ಸಕ್ಕರೆ ಇಲ್ಲ, ಆಮೇಲೆ ಹಾಲಿಗೆ ನೀರು ಹೆಚ್ಚಿಸುತ್ತಾ ಹದಿನೈದು ದಿನಕ್ಕೆ ಬರೀ ನೀರು. ಆರನೇ ರಾತ್ರಿ ಕೂಸು ಓಣಿ ಎಬ್ಬಿಸಿತಂತೆ. ತಾಯಿ ಸೋತು ಸಕ್ಕರೆ ಡಬ್ಬಿಗೆ ಕೈ ಹಾಕಿದಾಗ ತಡೆದವರು ಆಯಿ.

ಕೀವು ತುಂಬಿದ ಹಲ್ಲು ಉಳಿಯಲಿಲ್ಲ, ಕೀಳಬೇಕಾಯಿತು. ದವಡೆಯ ಎರಡು ಗುಂಡಿಗೆ ಸಿಮೆಂಟು ತುಂಬಿದೆ. ಉಳಿದ ಮೂರು ಮುಂದಿನ ಹಲ್ಲಿಗೆ ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರಾವಣ ಹಚ್ಚುವ ಆಲೋಚನೆ. ಕೊರೆಯುವುದು ಬೇಡ, ಸೂಜಿ ಬೇಡ, ಒಂದು ಹನಿ ಹಚ್ಚಿದರೆ ಹುಳುಕು ಅಲ್ಲೇ ಗಟ್ಟಿಯಾಗಿ ನಿಲ್ಲುವ ಸಾಧ್ಯತೆ ಹೆಚ್ಚು. ಆದರೆ ಹಚ್ಚಿದ ಜಾಗ ಕರ್ರಗೆ ಇದ್ದಿಲಿನಂತೆ ಆಗುತ್ತದೆ. ಇದನ್ನು ಮೊದಲೇ ಹೇಳದೆ ಹಚ್ಚಬಾರದು, ನಾನು ಫೋಟೋ ತೋರಿಸಿದೆ. ತಾಯಿ ಹಿಂಜರಿದರು. ಎರಡು ತಿಂಗಳಿಗೆ ಮೈದುನನ ಮದುವೆ, ಫೋಟೋದಲ್ಲಿ ಕೂಸು ನಕ್ಕರೆ ಏನು ಗತಿ? ಆಯಿ ಅಂದರು, "ಹಚ್ಚಲಿ ಬಿಡು. ಕರೀ ಹಲ್ಲು ಇದ್ರ ದೃಷ್ಟಿ ತಾಗಂಗಿಲ್ಲ." ಎರಡೂವರೆ ತಿಂಗಳ ಮೇಲೆ ಅತ್ತೆ ಸೊಸೆ ಒಟ್ಟಿಗೆ ನಕ್ಕದ್ದು ಆಗ.

ಪೇಸ್ಟಿನ ವಿಷಯದಲ್ಲಿ ತಂದೆ ಅಡ್ಡ ನಿಂತರು. ಫ್ಲೋರೈಡೇ ತನ್ನ ಹಲ್ಲು ಕೆಡಿಸಿತು ಅಂತ ನಾನೇ ಹೇಳಿದ್ದೆನಲ್ಲ, ಈಗ ಕೂಸಿಗೆ ಅದನ್ನೇ ಹಚ್ಚಿ ಅಂದರೆ? ನ್ಯಾಯವಾದ ಪ್ರಶ್ನೆ. ಮನೆಯ ನೀರನ್ನು ಪರೀಕ್ಷೆಗೆ ಕೊಡಿಸಿದೆ, 1 ಮಿಲಿಗ್ರಾಂಗಿಂತ ಸಾಕಷ್ಟು ಕಡಿಮೆ ಬಂತು. ದಿನಾ ಲೀಟರುಗಟ್ಟಲೆ ಕುಡಿಯುವುದು ಬೇರೆ, ಅಕ್ಕಿ ಕಾಳಿನಷ್ಟು ಪೇಸ್ಟು ಹಲ್ಲಿಗೆ ತಿಕ್ಕಿ ಒರೆಸುವುದು ಬೇರೆ ಅಂತ ಒಂದು ಕಾಳು ಇಟ್ಟೇ ತೋರಿಸಿದೆ. ಮೂರು ವರ್ಷದೊಳಗಿನವರಿಗೆ ಅಷ್ಟೇ ಸಾಕು, ಆದರೆ ಪೇಸ್ಟಿನಲ್ಲಿ ಫ್ಲೋರೈಡ್ 1000 ಪಿಪಿಎಂ ಇರಬೇಕು. ಮೇಲೆ ಕಾರ್ಟೂನ್ ಇರುವ ಕೆಲವು ಮಕ್ಕಳ ಪೇಸ್ಟುಗಳಲ್ಲಿ ಅದರ ಅರ್ಧ ಇರುತ್ತದೆ, ಕೆಲವದರಲ್ಲಿ ಇರುವುದೇ ಇಲ್ಲ. ಟ್ಯೂಬಿನ ಹಿಂದೆ ಓದಿ ತನ್ನಿ ಅಂದೆ.

ರಾತ್ರಿ ಹಲ್ಲು ತಿಕ್ಕುವ ಕೆಲಸ ಆಯಿಗೆ ವಹಿಸಿದೆ. ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಮೇಲ್ತುಟಿ ಎತ್ತಿ. ಇದೊಂದು ತೀರ್ಮಾನ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿತು ಅಂತ ನನ್ನ ಅನಿಸಿಕೆ. ತಪ್ಪಿತಸ್ಥೆ ಅಂತ ಮೂಲೆಗೆ ಕೂರಿಸಿದ್ದವರ ಕೈಗೆ ಬ್ರಷ್ಷು ಕೊಟ್ಟದ್ದು.

ಹಾಗಂತ ಆಯಿಯ ಬಾಯಿಯನ್ನು ಬಿಡಲಿಲ್ಲ. ಮುರಿದ ನಾಲ್ಕು ಬೇರು, ರಕ್ತ ಸೋರುವ ವಸಡು, ಬೆಳಿಗ್ಗೆ ಸುಟ್ಟ ತಂಬಾಕಿನ ಮಿಸ್ರಿ ತಿಕ್ಕುವ ಅಭ್ಯಾಸ. ಅಂಥ ಬಾಯಲ್ಲಿ ಅಗಿದು ಕೊಡುವುದು ಬೇಡ ಅಂತಲೇ ಹೇಳಿದೆ. ವಸಡಿನಲ್ಲಿ ರಕ್ತ ಇದ್ದಾಗ ಬೇರೆ ಸೋಂಕುಗಳೂ ದಾಟಬಹುದು. ಆದರೆ ಈ ಸಲ ಬೇಡ ಅಂದಷ್ಟಕ್ಕೆ ಬಿಡದೆ ಬದಲಿಗೆ ಏನು ಅಂತ ಕೂತು ಮಾತಾಡಿದೆವು. ರೊಟ್ಟಿ ಮುರಿದು ಬಿಸಿ ಬೇಳೆಯಲ್ಲಿ ಹತ್ತು ನಿಮಿಷ ನೆನೆಸಿ ಕೈಯಲ್ಲಿ ಕಿವುಚಿ ಕೊಡುವುದು. ಕೈತುತ್ತು ಕೈತುತ್ತಾಗಿಯೇ ಉಳಿಯಿತು. ಬೇರು ಕಿತ್ತೆ, ವಸಡು ಸ್ವಚ್ಛ ಮಾಡಿದೆ. ತಾಯಿಗೂ ಐದನೇ ತಿಂಗಳಲ್ಲಿ ಎರಡು ಹಲ್ಲು ತುಂಬಿದೆ. ಹೊಸ ಕೂಸಿಗೆ ದಾಟುವ ರೋಗಾಣು ಆದಷ್ಟು ಕಡಿಮೆ ಇರಲಿ ಅಂತ.

ನಡುವೆ ಒಂದು ಸಣ್ಣ ಪ್ರಸಂಗ. ಕಾಕಾ ಒಬ್ಬರೇ ಬಂದರು, ಹಲ್ಲು ಸ್ವಚ್ಛ ಮಾಡಿಸಬೇಕು ಅಂತ. ಹೊರಡುವಾಗ ಬಾಗಿಲ ಬಳಿ ನಿಂತು ದನಿ ಇಳಿಸಿ, "ಸರ್, ಮದುವಿ ಆದ ಮ್ಯಾಲ... ನನ್ನ ಹಲ್ಲಿಂದು ಅವರಿಗಿ ಹತ್ತತದೇನ್ರಿ?" ಅಂದರು. ನಗು ತಡೆದುಕೊಂಡೆ. ಹತ್ತು ಸೆಕೆಂಡಿನ ಮುತ್ತಿನಲ್ಲಿ ಸುಮಾರು 8 ಕೋಟಿ ಬ್ಯಾಕ್ಟೀರಿಯಾ ದಾಟುತ್ತವೆ ಅಂತ 2014ರಲ್ಲಿ ನೆದರ್‌ಲ್ಯಾಂಡಿನವರು ಲೆಕ್ಕ ಹಾಕಿದ್ದಾರೆ. ದಾಟಲಿ. ದೊಡ್ಡವರ ಬಾಯಲ್ಲಿ ಆಗಲೇ ಅವರವರ ರೋಗಾಣುಗಳ ಸಂಸಾರ ಗಟ್ಟಿಯಾಗಿ ಕೂತಿರುತ್ತದೆ, ಹೊಸಬರು ಬಂದ ಮಾತ್ರಕ್ಕೆ ಗುಂಡಿ ಬೀಳುವುದಿಲ್ಲ. ನಿಮ್ಮ ಎರಡು ಹುಳುಕು ತುಂಬಿಸಿಕೊಳ್ಳಿ, ಕೂಸಿಗೆ ಪೆಪ್ಪರಮೆಂಟ್ ಕೊಡಿಸುವುದು ಬಿಡಿ ಅಂದೆ. ಎರಡೂ ಮಾಡಿದರು.

ಫಲ

ಮೂರು ತಿಂಗಳಿಗೆ ನೋಡಿದಾಗ ಮುಂದಿನ ಮೂರು ಹಲ್ಲಿನ ಕಪ್ಪು ಗಟ್ಟಿಯಾಗಿತ್ತು, ಪರೀಕ್ಷಿಸುವ ಕಡ್ಡಿಯ ಮೊನೆ ಒಳಗೆ ಇಳಿಯಲಿಲ್ಲ. ಹೊಸ ಬಿಳಿ ಗೆರೆ ಇಲ್ಲ. ದವಡೆಯ ಒಂದು ಸಿಮೆಂಟು ಬಿದ್ದುಹೋಗಿತ್ತು, ಮತ್ತೆ ತುಂಬಿದೆ. ಹುಡುಗಿ ಎರಡನೇ ಹಾಳೆ ತಂದಳು: ಆರು ಸಲ, ಸಕ್ಕರೆ ಎರಡು ಸಲ, ಎರಡೂ ಊಟದ ಜೊತೆ. ಮೂರು ತಿಂಗಳಿಗೊಮ್ಮೆ ಫ್ಲೋರೈಡ್ ವಾರ್ನಿಶ್ ಎಂಬ ಲೇಪ ಹಚ್ಚುತ್ತಾ ಬಂದೆ. ಈಗ ನಾಲ್ಕು ತುಂಬಿರುವ ಕೂಸಿಗೆ ಈವರೆಗೆ ಹೊಸದಾಗಿ ಒಂದೇ ಸಣ್ಣ ಹುಳುಕು, ಅದೂ ಬೇಸಿಗೆಯಲ್ಲಿ ಒಂದು ತಿಂಗಳು ನೆಂಟರ ಮನೆಯಲ್ಲಿ ಇದ್ದು ಬಂದ ಮೇಲೆ ಕಂಡದ್ದು. ಕಿತ್ತ ಹಲ್ಲಿನ ಜಾಗ ಖಾಲಿ, ಏಳರ ಸುಮಾರಿಗೆ ಹೊಸದು ಬರಬೇಕು.

ಇಷ್ಟರಿಂದ ದೊಡ್ಡ ತೀರ್ಮಾನಕ್ಕೆ ಬರಬೇಡಿ. ಬಾಟಲಿ, ಪೇಸ್ಟು, ದ್ರಾವಣ, ವಾರ್ನಿಶ್ ಎಲ್ಲ ಹೆಚ್ಚು ಕಡಿಮೆ ಒಟ್ಟಿಗೇ ಶುರುವಾದವು. ಯಾವುದು ಎಷ್ಟು ಕೆಲಸ ಮಾಡಿತು ಅಂತ ಬಿಡಿಸಿ ಹೇಳಲು ಒಂದು ಕೂಸು ಸಾಲದು. ಅಕ್ಕನ ಹಲ್ಲು ಉಳಿದದ್ದಕ್ಕೆ ಬಿಸ್ಕೆಟ್ ಇಲ್ಲದ ಹಳ್ಳಿ ಊಟ ಒಂದೇ ಅಲ್ಲ, ಅಲ್ಲಿನ ಫ್ಲೋರೈಡ್ ನೀರೂ ಕಾಯ್ದಿರಬಹುದು. ಅಪ್ಪನ ಹಲ್ಲಿಗೆ ಕಲೆ ಹಾಕಿದ ನೀರೇ ಮಗಳ ಹಲ್ಲು ಉಳಿಸಿರಬಹುದು, ಏನ್ ಮಾಡ್ತೀರಿ.

ನನ್ನ ಕೆಲಸದಲ್ಲಿ ಬದಲಾದದ್ದು ಸಣ್ಣ ಸಣ್ಣವು. "ಹಾಲು ಕೊಡ್ತೀರಾ" ಅಂತ ಕೇಳುವುದಿಲ್ಲ, "ಹಾಲಿಗೆ ಎಷ್ಟು ಚಮಚ ಸಕ್ಕರೆ" ಅಂತಲೇ ಕೇಳುತ್ತೇನೆ. ಹಾಗೆ ಕೇಳಿದರೆ ಇಲ್ಲ ಅನ್ನುವವರು ಕಡಿಮೆ. ಮನೆಯ ಶಾಲೆ ಮಗುವಿನ ಕೈಯಿಂದ ಒಂದು ದಿನದ ಹಾಳೆ ಬರೆಸುತ್ತೇನೆ. ದವಾಖಾನೆಗೆ ಬಾರದ ವ್ಯಕ್ತಿಯ ಮೇಲೆ ದೂರು ಬಂದರೆ, ಆ ವ್ಯಕ್ತಿ ಎದುರಿಗೆ ಬಂದು ಕೂರುವವರೆಗೆ ನನ್ನ ಬಾಯಿಂದ ಎಂಜಲು ಎಂಬ ಪದ ಬರುವುದಿಲ್ಲ. ಮತ್ತೆ, ಏನನ್ನಾದರೂ ಬಿಡಿ ಅಂತ ಹೇಳುವ ಮೊದಲು, ಬಿಟ್ಟ ಜಾಗಕ್ಕೆ ಏನು ಬಂದು ಕೂರುತ್ತದೆ ಅಂತ ಕೇಳುತ್ತೇನೆ.

ಹೊಸ ಕೂಸು ಗಂಡು. ಮೊನ್ನೆ ಹದಿಮೂರು ತಿಂಗಳಿಗೆ ತಂದಿದ್ದರು. ಏಳು ಹಲ್ಲು, ಮೇಲ್ತುಟಿ ಎತ್ತಿ ನೋಡಿದೆ, ಬಿಳಿ ಗೆರೆ ಇಲ್ಲ. ಬೇರು ಕಿತ್ತ ಮೇಲೆ ಆಯಿಗೆ ಎಲೆ ಅಡಿಕೆ ಅಗಿಯಲು ಕಷ್ಟ ಆಗಿ ಒಂದು ಕುಟ್ಟಾಣಿ ಕೊಂಡಿದ್ದಾರೆ. ತಂಬಾಕು ಬಿಟ್ಟೀನಿ ಅನ್ನುತ್ತಾರೆ, ನಾನು ಪೂರ್ತಿ ನಂಬಿಲ್ಲ. ಆ ಕುಟ್ಟಾಣಿ ನೋಡಿ ಸೊಸೆ ಅಂಥದ್ದೇ ಇನ್ನೊಂದು, ಸ್ವಲ್ಪ ಸಣ್ಣದು, ತಂದುಕೊಟ್ಟಿದ್ದಾರಂತೆ. ಆಯಿ ಸೀರೆ ಸೆರಗಿನಿಂದ ಬಿಚ್ಚಿ ತೋರಿಸಿದರು. "ಇದು ಸಣ್ಣಾವನ ರೊಟ್ಟಿ ಕುಟ್ಟಾಕ. ಅದರಾಗ ಅಡಕಿ ಹಾಕಂಗಿಲ್ಲ ನಾ." ಅದರ ಹಿಡಿಗೆ ಕೆಂಪು ದಾರ ಕಟ್ಟಿತ್ತು.